ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಚ್ಚುವರಿ ತೋಟಾ ಎಲ್ಲಿರಬೇಕು?

ಕೋವಿಯ ಗುರಿಕ್ರೀಡೆಯಲ್ಲಿ ತೊಡಗಿರುವ ಓದುಗರು ಬರೆದ ಪತ್ರಗಳಲ್ಲಿ ಈ ಸಲ ನಾಲ್ಕನ್ನು ಆರಿಸಿಕೊಂಡಿದ್ದೇನೆ. ನಾಲ್ಕೂ ತೋಟಾಗಳನ್ನು ಮೈಮೇಲೆ ಅಥವಾ ಕೋವಿಯ ಮೇಲೆ ಹೊತ್ತುಕೊಳ್ಳುವ ಬಗೆಗೆ ಸಂಬಂಧಿಸಿದವು. ಮೂರನೆಯ ಪತ್ರದ ಉತ್ತರವನ್ನು ಮಾತ್ರ ಕೋವಿ ಹಿಡಿಯುವ ಪ್ರತಿಯೊಬ್ಬರೂ ಓದಬೇಕೆಂದು ವಿನಂತಿಸುತ್ತೇನೆ.

ಪ್ರಶ್ನೆ: ಮಾನ್ಯರೇ, ನನ್ನದು 12 ಬೋರಿನ (ಬೋರ್ ಎಂದರೆ ನಳಿಗೆಯ ಅಗಲದ ಅಳತೆ) ಪಂಪ್ ಕೋವಿ, ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆಮುಂದೆ ಎಳೆದು ನಡೆಸುವಂಥದ್ದು. ನಳಿಗೆಯ ಕೆಳಗಿನ ಮ್ಯಾಗಜೀನ್ ಕೊಳವೆಯಲ್ಲಿ ಐದು ತೋಟಾ ಹಿಡಿಯುತ್ತವೆ. ಸಮಯದ ಲೆಕ್ಕವಿರುವ ಸ್ಪರ್ಧೆಗಳಲ್ಲಿ ನನ್ನ ಗುರಿ ತಪ್ಪುವುದು ಕಡಿಮೆ, ಆದರೆ ಕೋವಿಗೆ ಮತ್ತೆ ತೋಟಾ ತುಂಬುವ ಹೊತ್ತಿಗೆ ಉಳಿದವರು ಮುಂದೆ ಹೋಗಿರುತ್ತಾರೆ. ಈವರೆಗೆ ತೋಟಾಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹೆಗಲ ಪಟ್ಟಿ, ಕೋವಿಯ ಪಕ್ಕಕ್ಕೆ ಕೂರಿಸುವ ಹಿಡಿಕೆ, ಬಟ್ಟಿಗೆ (ಹೆಗಲಿಗೆ ಆನಿಸುವ ಕೋವಿಯ ಹಿಂಭಾಗಕ್ಕೆ) ತೊಡಿಸುವ ಎಲಾಸ್ಟಿಕ್ ಚೀಲ, ಸೊಂಟದ ಬೆಲ್ಟು, ಇವುಗಳಲ್ಲಿ ಯಾವುದು ಮೇಲು?

ಉತ್ತರ: ನೀವು ಹಿಂದೆ ಬೀಳುತ್ತಿರುವುದು ಕೈ ನಿಧಾನವಾಗಿರುವುದರಿಂದಲ್ಲ, ತೋಟಾ ಸರಿಯಾದ ದಿಕ್ಕಿನಲ್ಲಿ ಕೈಗೆ ಸಿಗದಿರುವುದರಿಂದ ಎಂದು ನನ್ನ ಅನಿಸಿಕೆ. 12 ಬೋರಿನ ತೋಟಾ ಸುಮಾರು ಎರಡು ಸೆಂಟಿಮೀಟರ್ ದಪ್ಪದ ಸಣ್ಣ ಕೊಳವೆ. ಜೇಬಿಗೆ ಹಾಕಿದ ಹತ್ತು ತೋಟಾಗಳು ಹತ್ತು ದಿಕ್ಕಿಗೆ ಮುಖ ಮಾಡಿ ಮಲಗಿರುತ್ತವೆ. ಕೈ ಒಳಗೆ ಹೋದಾಗ ಬೆರಳು ಮೊದಲು ಹಿತ್ತಾಳೆಯ ತುದಿ ಯಾವುದು, ಮಡಚಿದ ಪ್ಲಾಸ್ಟಿಕ್ ತುದಿ ಯಾವುದು ಎಂದು ತಡಕಿ ನೋಡಬೇಕು, ಆಮೇಲೆ ಹೊರಗೆಳೆದು, ಅಂಗೈಯಲ್ಲಿ ತಿರುಗಿಸಿ, ಅನಂತರ ಕೋವಿಯ ಹೊಟ್ಟೆಯತ್ತ ತರಬೇಕು. ತುಂಬುವ ಕೆಲಸದ ಹೆಚ್ಚಿನ ಹೊತ್ತು ಈ ತಿರುಗಿಸುವುದರಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಯಾವ ಸಾಧನವನ್ನು ಕೊಂಡರೂ ನೋಡಬೇಕಾದದ್ದು ಒಂದೇ: ತೋಟಾ ಕೋವಿಯೊಳಗೆ ಯಾವ ದಿಕ್ಕಿನಲ್ಲಿ ಹೋಗಬೇಕೋ ಅದೇ ದಿಕ್ಕಿನಲ್ಲಿ, ಪ್ರತಿ ಸಲವೂ ಒಂದೇ ಜಾಗದಲ್ಲಿ, ಕಣ್ಣಿನ ನೆರವಿಲ್ಲದೆ ಕೈಗೆ ಸಿಗುತ್ತದೆಯೇ ಎಂಬುದು.

ಹೆಗಲ ಪಟ್ಟಿ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ತುಂಬ ತೋಟಾ ಹಿಡಿಯುತ್ತದೆ ಎಂಬುದು ನಿಜವಾದರೂ ಓಡಿದಾಗ, ಬಾಗಿದಾಗ ಪಟ್ಟಿ ಎದೆಯ ಮೇಲಿಂದ ಬೆನ್ನಿನತ್ತ ಜಾರುತ್ತದೆ, ಒಂದು ಕ್ಷಣದ ಹಿಂದೆ ಕೈಗೆ ಸಿಕ್ಕ ತೋಟಾ ಮರುಕ್ಷಣ ಅಲ್ಲಿರುವುದಿಲ್ಲ. ತೋಟಾಗಳು ಖಾಲಿಯಾದಂತೆ ಪಟ್ಟಿ ಹಗುರವಾಗಿ ತೂಗಾಡುವುದು ಇನ್ನೂ ಹೆಚ್ಚುತ್ತದೆ.

ಬಟ್ಟಿಗೆ ತೊಡಿಸುವ ಎಲಾಸ್ಟಿಕ್ ಚೀಲವನ್ನು ನಾನು ಕೆಲವು ವರ್ಷ ಬಳಸಿದ್ದೇನೆ. ಹೊಸದರಲ್ಲಿ ಅದು ತೋಟಾವನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಎಲಾಸ್ಟಿಕ್ ಎಂಬುದು ಸದಾ ಎಳೆದ ಸ್ಥಿತಿಯಲ್ಲಿಟ್ಟರೆ ಸೋಲುವ ವಸ್ತು. ಒಮ್ಮೆ ಅಭ್ಯಾಸದ ವೇಳೆ ನಾಲ್ಕನೆಯ ಗುಂಡು ಹಾರಿಸಿದಾಗ ಕೋವಿ ಒದ್ದ ರಭಸಕ್ಕೆ ಎರಡು ತೋಟಾಗಳು ಜಾರಿ ಮಣ್ಣಿಗೆ ಬಿದ್ದವು, ಮೂರನೆಯದು ಅರ್ಧ ಹೊರಬಂದು ನೇತಾಡುತ್ತಿತ್ತು. ಬಿದ್ದವನ್ನು ಎತ್ತಿ ನೋಡಿದರೆ ಹಿತ್ತಾಳೆಯ ಅಂಚಿನಲ್ಲಿ ಮರಳು ಅಂಟಿಕೊಂಡಿತ್ತು. ಹಾಗೆಯೇ ತುಂಬಿದ್ದರೆ ಮರಳು ಚೇಂಬರಿನೊಳಗೆ, ಅಂದರೆ ಹಾರಿಸುವಾಗ ತೋಟಾ ಕೂರುವ ನಳಿಗೆಯ ಹಿಂತುದಿಯೊಳಗೆ, ಹೋಗುತ್ತಿತ್ತು. ಅಂದಿನಿಂದ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಚೀಲದ ಮೇಲಂಚು ಕೆನ್ನೆಗೆ ತಾಗಿ ಗುರಿ ಹಿಡಿಯುವ ಭಂಗಿ ಕೆಡುವುದು ಬೇರೆ.

ಕೋವಿಯ ಪಕ್ಕಕ್ಕೆ ಕೂರಿಸುವ ಹಿಡಿಕೆಯಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ತೋಟಾ ಹಿಡಿಯುತ್ತವೆ. ಅದರ ದೊಡ್ಡ ಗುಣವೆಂದರೆ ಕೋವಿ ಎಲ್ಲಿದೆಯೋ ಹೆಚ್ಚುವರಿ ತೋಟಾಗಳೂ ಅಲ್ಲಿಯೇ ಇರುತ್ತವೆ. ತುಂಬುವ ದ್ವಾರ ಕೆಲವೇ ಬೆರಳುಗಳ ದೂರದಲ್ಲಿರುವುದರಿಂದ ಕೈ ಅಲೆಯಬೇಕಿಲ್ಲ. ದೋಷಗಳು ಎರಡು. ಒಂದು ತೋಟಾ ಸುಮಾರು 45 ಗ್ರಾಂ ತೂಗುತ್ತದೆ ಎಂದುಕೊಂಡರೂ ಆರು ತೋಟಾಗಳಿಂದ ಎಡಪಕ್ಕಕ್ಕೆ ಕಾಲು ಕಿಲೋಗಿಂತ ಹೆಚ್ಚು ಭಾರ ಸೇರಿ ಕೋವಿ ಒಂದು ಕಡೆಗೆ ವಾಲುತ್ತದೆ, ಇದಕ್ಕೆ ಕೈ ಒಗ್ಗಬೇಕು. ಇನ್ನೊಂದು ಹೆಚ್ಚು ಗಂಭೀರವಾದದ್ದು. ಕೆಲವು ಹಿಡಿಕೆಗಳಲ್ಲಿ ಟ್ರಿಗರ್ ಭಾಗವನ್ನು ಹಿಡಿದಿರುವ ಪಿನ್ನುಗಳನ್ನು ತೆಗೆದು ಅವುಗಳ ಜಾಗದಲ್ಲಿ ಉದ್ದನೆಯ ಸ್ಕ್ರೂ ಹಾಕಲಾಗುತ್ತದೆ. ಬಿಗಿಯಾಗಿರಲಿ ಎಂದು ಅದನ್ನು ಅತಿಯಾಗಿ ತಿರುಗಿಸಿದರೆ ಕೋವಿಯ ಒಡಲು ಅಮುಕಿದಂತಾಗಿ ಪಂಪು ಸಲೀಸಾಗಿ ಚಲಿಸುವುದಿಲ್ಲ. ಹಿಡಿಕೆ ಕೂರಿಸಿದ ಮೇಲೆ ಖಾಲಿ ಕೋವಿಯ ಪಂಪನ್ನು ಹಲವು ಸಲ ಹಿಂದೆಮುಂದೆ ಎಳೆದು, ಮೊದಲಿನ ನುಣುಪು ಉಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಸ್ಪರ್ಧೆಗಾಗಿಯೇ ಆದರೆ ಸೊಂಟದ ಬೆಲ್ಟಿಗೆ ಸಿಗಿಸುವ ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ಹಿಡಿಕೆಗಳೇ ಮೇಲು. ಇವು ತೋಟಾಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಹಿಡಿದಿರುತ್ತವೆ, ಎರಡನ್ನು ಒಟ್ಟಿಗೆ ಅಂಗೈಗೆ ಎಳೆದುಕೊಂಡು ಹೆಬ್ಬೆರಳಿನ ಒಂದೇ ಉದ್ದದ ತಳ್ಳುವಿಕೆಯಲ್ಲಿ ಕೊಳವೆಗೆ ಸೇರಿಸಬಹುದು. ಪಳಗಿದವರು ಒಮ್ಮೆಗೆ ನಾಲ್ಕನ್ನೂ ಹಿಡಿದು ಎರಡೆರಡಾಗಿ ತುಂಬುತ್ತಾರೆ. ನೀವು ಎರಡರಿಂದಲೇ ಆರಂಭಿಸಿ.

ತಳ್ಳುವ ಬಗೆಯನ್ನೂ ಹೇಳಿಬಿಡುತ್ತೇನೆ. ಮಡಚಿದ ತುದಿ ಮುಂದಕ್ಕೆ, ಹಿತ್ತಾಳೆ ಹೆಬ್ಬೆರಳಿನ ಕಡೆಗೆ ಇರಬೇಕು. ಒಳಗಿನ ತಡೆ ತೋಟಾದ ಅಂಚನ್ನು ಹಿಡಿದ ಸಣ್ಣ ಸದ್ದು ಕೇಳುವವರೆಗೆ ಹೆಬ್ಬೆರಳು ಹಿಂದೆ ಬರಬಾರದು. ಆ ಸದ್ದಿಗೆ ಮೊದಲೇ ಬಿಟ್ಟರೆ ತೋಟಾ ಸ್ಪ್ರಿಂಗಿನ ಒತ್ತಡಕ್ಕೆ ಹಿಂದಕ್ಕೆ ನುಗ್ಗಿ ಕೋವಿ ಸಿಕ್ಕಿಹಾಕಿಕೊಳ್ಳುತ್ತದೆ, ಉಳಿಸಿದ ಕ್ಷಣಗಳೆಲ್ಲ ಅಲ್ಲಿ ವ್ಯರ್ಥವಾಗುತ್ತವೆ. ಕೋವಿ ಪೂರ್ತಿ ಬರಿದಾಗಿದ್ದರೆ ಮೊದಲ ತೋಟಾವನ್ನು ಕೆಳಗಿನಿಂದ ತುಂಬಬೇಡಿ. ಪಂಪನ್ನು ಹಿಂದಕ್ಕೆಳೆದು, ಖಾಲಿ ತೋಟಾ ಹಾರುವ ಪಕ್ಕದ ಕಿಂಡಿಯಿಂದಲೇ ಒಂದನ್ನು ಒಳಗಿಟ್ಟು ಪಂಪನ್ನು ಮುಂದಕ್ಕೆ ತಳ್ಳಿದರೆ ಕೋವಿ ಸಿದ್ಧವಾಗುತ್ತದೆ, ಉಳಿದವನ್ನು ಆಮೇಲೆ ತುಂಬಬಹುದು. ಇದೆಲ್ಲ ನಡೆಯುವಾಗ ನಳಿಗೆಯ ಬಾಯಿ ಗುರಿಯ ದಿಕ್ಕಿನಿಂದ ಅಲುಗಬಾರದು, ಬೆರಳು ಟ್ರಿಗರಿನ ಬಳೆಯಿಂದ ಹೊರಗಿರಬೇಕು. ಅವಸರದಲ್ಲಿ ಮೊದಲು ಮರೆತುಹೋಗುವುದು ಇವೆರಡೇ. ಮದ್ದಿಲ್ಲದ ಅಭ್ಯಾಸದ ತೋಟಾಗಳನ್ನು ಕೊಂಡು, ನಿಜವಾದ ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು, ದಿನವೂ ಹತ್ತು ನಿಮಿಷ ನಿಧಾನವಾಗಿ ಅಭ್ಯಾಸ ಮಾಡಿ. ವೇಗ ತಾನಾಗಿ ಬರುತ್ತದೆ.

ಪ್ರಶ್ನೆ: ನಾನು ಜೋಡಿ ನಳಿಗೆಯ ಕೋವಿಯಿಂದ ಟ್ರ್ಯಾಪ್ (ಯಂತ್ರ ಹಾರಿಸುವ ತಟ್ಟೆಗಳನ್ನು ಹೊಡೆಯುವ ಕ್ರೀಡೆ) ಅಭ್ಯಾಸ ಮಾಡುತ್ತಿದ್ದೇನೆ. ಎಡಗೈ ಬೆರಳುಗಳ ನಡುವೆ ಎರಡು ತೋಟಾ ಸಿಕ್ಕಿಸಿಕೊಂಡು ಗುಂಡು ಹಾರಿಸಿದರೆ ಬೇಗ ತುಂಬಬಹುದೆಂದು ಹಿರಿಯರೊಬ್ಬರು ಹೇಳಿದರು. ಅದು ಸರಿಯೇ? ಒಂದು ಸುತ್ತಿಗೆ ಎಷ್ಟು ತೋಟಾ ಒಯ್ಯಬೇಕು?

ಉತ್ತರ: ಆ ಹಿರಿಯರು ಹೇಳಿದ್ದು ಬೇಟೆಗಾರರ ಹಳೆಯ ರೂಢಿ, ಅಲ್ಲಿ ಅದಕ್ಕೆ ಅರ್ಥವಿತ್ತು. ಟ್ರ್ಯಾಪ್‌ನಲ್ಲಿ ಅದು ಬೇಡ. ಅಲ್ಲಿ ನಿಮ್ಮ ಸರದಿಗೂ ಮುಂದಿನ ಸರದಿಗೂ ನಡುವೆ ಉಳಿದ ಸ್ಪರ್ಧಿಗಳು ಹಾರಿಸುತ್ತಾರೆ, ಆದ್ದರಿಂದ ತುಂಬಲು ಆತುರವಿಲ್ಲ. ಬೆರಳುಗಳ ನಡುವೆ ತೋಟಾ ಇದ್ದರೆ ಕೋವಿಯ ಮುಂಭಾಗವನ್ನು ಹಿಡಿದ ಕೈಯ ಹಿಡಿತ ಸಡಿಲವಾಗುತ್ತದೆ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ ಒಂದು ಸುತ್ತಿಗೆ 25 ತಟ್ಟೆಗಳು, ಅರ್ಹತಾ ಸುತ್ತಿನಲ್ಲಿ ತಟ್ಟೆಯೊಂದಕ್ಕೆ ಎರಡು ಗುಂಡು, ಹಾಗಾಗಿ ಸುತ್ತಿಗೆ 50 ತೋಟಾ ಬೇಕಾಗಬಹುದು. ಅಲ್ಲಿ ಒಂದು ತೋಟಾದಲ್ಲಿ 24 ಗ್ರಾಂಗಿಂತ ಹೆಚ್ಚು ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಇರುವಂತಿಲ್ಲವಾದರೂ ಐವತ್ತು ತೋಟಾ ಸೇರಿದರೆ ಎರಡು ಕಿಲೋಗೆ ಸಮೀಪವಾಗುತ್ತದೆ, ಆದ್ದರಿಂದ ಅಗಲವಾದ ಬೆಲ್ಟಿಗೆ ಕಟ್ಟಿದ ಬಾಯಿ ತೆರೆದ ಚೀಲವೇ ಅನುಕೂಲ. ಚೀಲಕ್ಕೆ ಎರಡು ಅರೆಗಳಿರಲಿ. ಹಾರಿಸಿದ ಖಾಲಿ ತೋಟಾ ಯಾವ ಕಾರಣಕ್ಕೂ ತುಂಬಿದ ತೋಟಾಗಳಿರುವ ಅರೆಗೆ ಬೀಳದಿರಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ನನ್ನದು 12 ಬೋರ್, ಮಗಳದು 20 ಬೋರ್. ಇಬ್ಬರೂ ಒಟ್ಟಿಗೆ ಅಭ್ಯಾಸಕ್ಕೆ ಹೋಗುವುದರಿಂದ ಒಂದೇ ಚೀಲದಲ್ಲಿ ಎರಡೂ ಬಗೆಯ ತೋಟಾ ಒಯ್ದರೆ ಹೊರೆ ಕಡಿಮೆಯಾಗುತ್ತದೆ. ಗಾತ್ರದಲ್ಲಿ ವ್ಯತ್ಯಾಸ ಕಾಣುತ್ತದಲ್ಲ, ತೊಂದರೆಯಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಗಾತ್ರದ ಆ ವ್ಯತ್ಯಾಸವೇ ಅಪಾಯದ ಮೂಲ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳನ್ನಾಗಿ ಮಾಡಿದರೆ ಒಂದೊಂದು ಗುಂಡಿನ ಅಡ್ಡಳತೆ ಎಷ್ಟೋ ಅಷ್ಟೇ 12 ಬೋರಿನ ನಳಿಗೆಯ ಅಡ್ಡಳತೆ, ಅಂದರೆ ಸುಮಾರು 18.5 ಮಿಲಿಮೀಟರ್. ಇಪ್ಪತ್ತು ಗುಂಡು ಮಾಡಿದರೆ ಸುಮಾರು 15.6 ಮಿಲಿಮೀಟರ್. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು. 20 ಬೋರಿನ ತೋಟಾವನ್ನು 12 ಬೋರಿನ ಕೋವಿಗೆ ಹಾಕಿದರೆ ಅದರ ಅಂಚು ಚೇಂಬರಿನ ಬಾಯಿಯಲ್ಲಿ ನಿಲ್ಲುವಷ್ಟು ಅಗಲವಿಲ್ಲ, ನಳಿಗೆಯಿಂದ ಹೊರಬೀಳುವಷ್ಟು ಸಣ್ಣದೂ ಅಲ್ಲ. ಚೇಂಬರ್ ಕಿರಿದಾಗುತ್ತ ನಳಿಗೆಗೆ ಸೇರುವ ಜಾಗದವರೆಗೆ ಜಾರಿ, ಅಲ್ಲಿ ಕಣ್ಣಿಗೆ ಕಾಣದಂತೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಏನೂ ಆಗುವುದಿಲ್ಲ. ಕೋವಿ ತೆರೆದು ನೋಡಿದರೆ ಚೇಂಬರ್ ಬರಿದಾಗಿ ಕಾಣುತ್ತದೆ. ತುಂಬಲು ಮರೆತೆನೆಂದುಕೊಂಡು ಅವಸರದಲ್ಲಿ 12 ಬೋರಿನ ತೋಟಾ ಹಾಕಿದರೆ ಅದು ಸರಿಯಾಗಿಯೇ ಕೂರುತ್ತದೆ. ಹಾರಿಸಿದ ಗಳಿಗೆಯಲ್ಲಿ ನಳಿಗೆ ಸೀಳುತ್ತದೆ, ಅದೂ ಮುಂದಿನ ಕೈ ಹಿಡಿದಿರುವ ಜಾಗದ ಹತ್ತಿರವೇ.

ಈ ಕಾರಣಕ್ಕಾಗಿಯೇ 20 ಬೋರಿನ ತೋಟಾಗಳನ್ನು ಹಳದಿ ಬಣ್ಣದಲ್ಲಿ ತಯಾರಿಸುವ ರೂಢಿ ಬೆಳೆದಿದೆ. ಆದರೆ ನೋಡದೆ ತುಂಬುವುದನ್ನೇ ಕಲಿಯುವ ಕೈಗೆ ಬಣ್ಣ ಕಾಣುವುದಿಲ್ಲ. ಆದ್ದರಿಂದ ಎರಡು ಚೀಲ, ಎರಡು ಬೆಲ್ಟು ಇರಲಿ, ನಿಮ್ಮ ಚೀಲ ನಿಮಗೆ, ಮಗಳ ಚೀಲ ಮಗಳಿಗೆ. ಮನೆಗೆ ಬಂದ ಮೇಲೆ ಜಾಕೆಟ್ಟಿನ ಜೇಬುಗಳನ್ನೆಲ್ಲ ಒಳಮುಖ ಹೊರಗೆ ಮಾಡಿ ನೋಡಿ, ಏಕೆಂದರೆ ಹಿಂದಿನ ವಾರ ಜೇಬಿನ ಮೂಲೆಯಲ್ಲಿ ಉಳಿದ ಒಂದೇ ತೋಟಾ ಸಾಕು. ಕೋವಿ ಹಾರಲಿಲ್ಲವೆಂದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು, ಬಳಿಕ ಕೋವಿಯನ್ನು ತೆರೆದು ಬರಿದು ಮಾಡಿ, ಹಿಂದಿನಿಂದ ನಳಿಗೆಯ ಆಚೆಯ ಬೆಳಕು ಕಾಣುತ್ತದೆಯೇ ಎಂದು ನೋಡದೆ ಇನ್ನೊಂದು ತೋಟಾ ಹಾಕಬಾರದು.

ಉದ್ದದ ವಿಷಯವನ್ನೂ ಸೇರಿಸುತ್ತೇನೆ. ತೋಟಾದ ಮೇಲೆ ಬರೆದ 70 ಅಥವಾ 76 ಮಿಲಿಮೀಟರ್ ಎಂಬುದು ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೀಗಾಗಿ 76ರ ತೋಟಾ 70ರ ಚೇಂಬರಿನಲ್ಲಿ ಕೂತರೂ ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಅಪಾಯಕಾರಿಯಾಗಿ ಏರಬಹುದು. ನಳಿಗೆಯ ಮೇಲೆ ಕೊರೆದಿರುವ ಅಳತೆಗಿಂತ ಉದ್ದನೆಯ ತೋಟಾ ನಿಮ್ಮ ಚೀಲದಲ್ಲಿ ಇರಲೇಬಾರದು.

ಪ್ರಶ್ನೆ: ತಂದೆಯವರ ಕಾಲದ ತೊಗಲಿನ ಬೆಲ್ಟಿನಲ್ಲಿ ತೋಟಾಗಳನ್ನು ಸಿಕ್ಕಿಸಿಯೇ ಇಡುತ್ತೇನೆ. ಹಿತ್ತಾಳೆಯ ಮೇಲೆ ಹಸಿರು ಬಣ್ಣದ ಅಂಟು ಕಟ್ಟುತ್ತಿದೆ. ಏಕೆ?

ಉತ್ತರ: ತೊಗಲು ಹದ ಮಾಡುವಾಗ ಅದರಲ್ಲಿ ಉಳಿಯುವ ಆಮ್ಲಗಳು ತೇವದೊಡನೆ ಸೇರಿ ಹಿತ್ತಾಳೆಯೊಳಗಿನ ತಾಮ್ರವನ್ನು ತಿನ್ನುತ್ತವೆ, ಆ ಹಸಿರು ಅದರಿಂದಲೇ ಬಂದ ಕಿಲುಬು. ಬೆಲ್ಟನ್ನು ಮೈದಾನಕ್ಕೆ ಮಾತ್ರ ಬಳಸಿ, ಮರಳಿದ ಕೂಡಲೇ ತೋಟಾಗಳನ್ನು ಅವುಗಳ ಪೆಟ್ಟಿಗೆಗೆ ಹಿಂದಿರುಗಿಸಿ. ತೆಳುವಾದ ಕಿಲುಬನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆ ಹಚ್ಚಬೇಡಿ, ಅದು ಕೇಪಿನೊಳಗೆ (ಮದ್ದಿಗೆ ಕಿಡಿ ಹೊತ್ತಿಸುವ ತೋಟಾದ ಬುಡದ ಭಾಗದೊಳಗೆ) ಇಳಿದರೆ ತೋಟಾ ಹಾರದೆ ಹೋಗಬಹುದು. ಹಿತ್ತಾಳೆಯಲ್ಲಿ ಗುಳಿ ಬಿದ್ದಿದ್ದರೆ ಅಥವಾ ತೋಟಾ ಉಬ್ಬಿದ್ದರೆ ಅದನ್ನು ಬಳಸದೆ, ಕಸದ ಬುಟ್ಟಿಗೂ ಹಾಕದೆ, ಪರವಾನಗಿ ಪಡೆದ ಮಾರಾಟಗಾರರ ಬಳಿ ವಿಲೇವಾರಿಯ ಬಗೆಗೆ ಕೇಳಿ.