ಬಳೆ ಬೀರುವಿನಲ್ಲೇ ಇರಲಿ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಫಸ್ಟ್ ಪಿಯುಸಿ, ಸೈನ್ಸ್. ಮೂರು ವರ್ಷದಿಂದ ಬಿಟಿಎಸ್ ಅನ್ನುವ ಕೊರಿಯಾದ ಹುಡುಗರ ಹಾಡು-ಡ್ಯಾನ್ಸ್ ತಂಡದ ಹುಚ್ಚು. ದಿನಾ ಸಂಜೆ ಟೆರೇಸ್ ಮೇಲೆ ಎರಡು ಗಂಟೆ ಡ್ಯಾನ್ಸ್ ಮಾಡುತ್ತಾನೆ, ಚೆನ್ನಾಗೇ ಮಾಡುತ್ತಾನೆ. ಈಗ ಕಾಲೇಜು ಬಿಟ್ಟು ಕೊರಿಯಾಗೆ ಹೋಗುತ್ತೇನೆ, ಅಂಥದ್ದೇ ತಂಡ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಫೋನಿನಲ್ಲಿ ಪರಿಚಯವಾದ ಯಾರೋ ಒಬ್ಬ 45 ಸಾವಿರ ಕಟ್ಟಿದರೆ ಸೋಲ್‌ನಲ್ಲಿ ಆಡಿಷನ್ ಕೊಡಿಸುತ್ತೇನೆ ಅಂದಿದ್ದಾನಂತೆ. ನಮ್ಮ ಯಜಮಾನರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಮನೆ ರಣರಂಗ. ‘ಅಮ್ಮಾ, ನೀನಾದರೂ ನನ್ನ ನಂಬು’ ಅಂತ ಅಳುತ್ತಾನೆ. ತವರಿನವರು ಹಾಕಿದ ಎರಡು ಬಳೆ ಇವೆ. ಅಡ ಇಟ್ಟು ಕೊಡಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ ಅಕ್ಕಾ. ಬಳೆ ಬೀರುವಿನಲ್ಲೇ ಇರಲಿ.

ಕೊರಿಯಾದ ದೊಡ್ಡ ಮ್ಯೂಸಿಕ್ ಕಂಪನಿಗಳು ಆಡಿಷನ್‌ಗೆ ಹುಡುಗರಿಂದ ದುಡ್ಡು ಕೇಳುವುದಿಲ್ಲ. ಅವರ ವೆಬ್‌ಸೈಟಿಗೆ ಹೋಗಿ ಅರ್ಜಿ ತುಂಬಿ, ವಿಡಿಯೊ ಕಳಿಸಿದರೆ ಆಯಿತು. ನಡುವೆ ದಲ್ಲಾಳಿಗೆ ಏನು ಕೆಲಸ? ಅವನು ಕಳಿಸಿದ ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನಂಬರ್ ಬ್ಲಾಕ್ ಮಾಡಿಸಿ. ಹುಡುಗ ಆಗಲೇ ಒಂದಿಷ್ಟು ದುಡ್ಡು ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಕಳಿಸಿದ್ದೀಯಾ ಅಂತ ಬೈಯದೆ ಕೇಳಿ. ಬೈದರೆ ಇಲ್ಲ ಅಂದುಬಿಡುತ್ತಾನೆ.

ಈ ವಿಷಯ ನಿಮ್ಮ ಯಜಮಾನರಿಗೆ ನೀವೇ ಹೇಳಬೇಕು. ಅದೂ ಇವತ್ತು ರಾತ್ರಿ ಊಟವಾದ ಮೇಲೆ, ಮಗ ಎದುರಿಗೆ ಇಲ್ಲದಾಗ. ಗುಟ್ಟು ಎಷ್ಟು ದಿನ ಹಳೆಯದಾಗುತ್ತದೋ ಜಗಳ ಅಷ್ಟು ದೊಡ್ಡದಾಗುತ್ತದೆ.

ಇನ್ನು ಮಗನ ಆಸೆ. ಅದನ್ನು ಹುಚ್ಚು ಅಂತ ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ನನಗೂ ಆ ಏಳು ಹುಡುಗರ ಹೆಸರು ಕಲಿಸಿದ್ದು ನಮ್ಮಣ್ಣನ ಮಗಳು. ಕೂದಲ ಬಣ್ಣ ನೋಡಿ ಗುರುತಿಟ್ಟುಕೊಂಡರೆ ಮುಂದಿನ ಹಾಡಿನಲ್ಲಿ ಬಣ್ಣವೇ ಬೇರೆ! ನೋಡುತ್ತಾ ನೋಡುತ್ತಾ ನನಗೆ ಹಾಡಿಗಿಂತ ಅವರು ನಡೆದು ಬಂದ ದಾರಿಯೇ ಜಾಸ್ತಿ ಹಿಡಿಸಿತು. ನಿಮ್ಮ ಮಗ ಸ್ಟೇಜ್ ನೋಡಿದ್ದಾನೆ. ಸ್ಟೇಜಿನ ಹಿಂದಿನದನ್ನು ಅಷ್ಟು ಗಮನವಿಟ್ಟು ನೋಡಿದಂತಿಲ್ಲ.

ಅವರ ತಂಡ ಶುರುವಾದದ್ದು 2013ರ ಜೂನ್ 13ಕ್ಕೆ. ಅದಕ್ಕೂ ಮೊದಲು ಟ್ರೈನಿಗಳಾಗಿ ಕಳೆದ ಕಾಲ ಬೇರೆ. ಆಗ ಅವರ ಕಂಪನಿ ತೀರಾ ಚಿಕ್ಕದು. ಏಳೂ ಜನ ಒಂದೇ ರೂಮಿನಲ್ಲಿ, ಒಂದರ ಮೇಲೊಂದು ಮಂಚದಲ್ಲಿ ಮಲಗುತ್ತಿದ್ದರು. ಎಲ್ಲರಿಗಿಂತ ಕಿರಿಯ ಜಂಗ್‌ಕುಕ್ ಬುಸಾನ್‌ನಿಂದ ಬಂದವನು, ತಂಡ ಶುರುವಾದಾಗ ಅವನಿಗೆ 15. ದೇಗು ಊರಿನ ಶುಗಾ ಟ್ರೈನಿಯಾಗಿದ್ದಾಗ ಖರ್ಚಿಗೆಂದು ಬೈಕಿನಲ್ಲಿ ಡೆಲಿವರಿ ಕೆಲಸ ಮಾಡುತ್ತಿದ್ದ. ಅಪಘಾತವಾಗಿ ಭುಜಕ್ಕೆ ಪೆಟ್ಟಾಯಿತು. ಆ ಭುಜಕ್ಕೆ ಆಪರೇಷನ್ ಆದದ್ದು 2020ರಲ್ಲಿ! ಅಷ್ಟು ವರ್ಷ ಅದೇ ಭುಜ ಇಟ್ಟುಕೊಂಡೇ ಕುಣಿದ.

ಟಿವಿಯ ಮ್ಯೂಸಿಕ್ ಶೋದಲ್ಲಿ ಮೊದಲ ಸಲ ಗೆದ್ದದ್ದು 2015ರ ಮೇನಲ್ಲಿ. ಹೆಚ್ಚುಕಡಿಮೆ ಎರಡು ವರ್ಷ ಕಾಯಬೇಕಾಯಿತು. 2018ರಲ್ಲಿ ಅವರ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, ತಂಡದ ನಾಯಕ ಆರ್‌ಎಂ ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದ. ಅದೇ ವರ್ಷದ ಕೊನೆಗೆ ಪ್ರಶಸ್ತಿ ತೆಗೆದುಕೊಳ್ಳುವಾಗ ತಂಡದ ಇನ್ನೊಬ್ಬ ಹುಡುಗ ಜಿನ್ ಅಳುತ್ತಾ ಏನೆಂದ ಗೊತ್ತೇ? ವರ್ಷದ ಆರಂಭದಲ್ಲಿ ತಂಡವನ್ನೇ ಮುಚ್ಚಿಬಿಡುವ ಮಾತಾಡಿದ್ದೆವು ಅಂದ. ನಾವು ನೋಡಿ ಹೊಟ್ಟೆಕಿಚ್ಚು ಪಡುವ ವರ್ಷದಲ್ಲೇ ಅವರಿಗೆ ಸಾಕಾಗಿತ್ತು. ಆಮೇಲೆ 2022ರ ಡಿಸೆಂಬರ್‌ನಿಂದ ಒಬ್ಬೊಬ್ಬರಾಗಿ ಕೊರಿಯಾದ ಗಂಡಸರಿಗಿರುವ ಕಡ್ಡಾಯ ಸೈನಿಕ ಸೇವೆಗೆ, ಇಲ್ಲವೇ ಅದರ ಬದಲಿನ ಸೇವೆಗೆ ಹೋದರು, ಕೊನೆಯವನು ಮುಗಿಸಿದ್ದು 2025ರ ಜೂನ್‌ನಲ್ಲಿ. ಅದು ನಿಮ್ಮ ಮಗನಿಗೆ ಬರುವ ಕಷ್ಟವಲ್ಲ, ಬಿಡಿ.

ಓದಿನ ವಿಷಯ ಮಾತ್ರ ಬಿಡುವ ಹಾಗಿಲ್ಲ. ಜಂಗ್‌ಕುಕ್ ಹೈಸ್ಕೂಲ್ ಮುಗಿಸಿದ್ದು 2017ರಲ್ಲಿ, ಅಷ್ಟೊತ್ತಿಗಾಗಲೇ ದೊಡ್ಡ ಸ್ಟಾರ್. ಯೂನಿಫಾರ್ಮ್ ಹಾಕಿಕೊಂಡು ಸಮಾರಂಭಕ್ಕೆ ಹೋದ. ಉಳಿದ ಅಣ್ಣಂದಿರು ಜೊತೆಗೆ ಹೋಗಿದ್ದರು. ಆಮೇಲೆ ಎಲ್ಲರೂ ಕೂತು ಕಪ್ಪು ಸಾಸಿನ ನೂಡಲ್ಸ್ ತಿಂದರು, ಶಾಲೆ ಮುಗಿದ ದಿನ ಅದನ್ನು ತಿನ್ನುವುದು ಅಲ್ಲಿನ ರೂಢಿ. ಅದರ ವಿಡಿಯೊ ಇದೆ, ನಿಮ್ಮ ಮಗ ಖಂಡಿತ ನೋಡಿರುತ್ತಾನೆ. ಜಿನ್ ಕೂಡ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವನೇ. ‘ಅವರು ಬಿಡದೇ ಇದ್ದದ್ದನ್ನು ನೀನು ಯಾಕಪ್ಪಾ ಬಿಡ್ತೀಯಾ?’ ಅಂತ ಒಮ್ಮೆ ಕೇಳಿ ನೋಡಿ. ನಾವು ಹೇಳುವ ಬುದ್ಧಿಮಾತಿಗಿಂತ ಇದು ಅವನಿಗೆ ಬೇಗ ತಾಗುತ್ತದೆ.

ಭಾರತದವರಿಗೆ ಅಲ್ಲಿ ಜಾಗವೇ ಇಲ್ಲವಾ? ಇದೆ, ತುಂಬಾ ಕಡಿಮೆ. ಒಡಿಶಾದ ರೂರ್ಕೆಲಾ ಹುಡುಗಿ ಶ್ರೇಯಾ ಲೆಂಕಾ 2022ರಲ್ಲಿ ಬ್ಲ್ಯಾಕ್‌ಸ್ವಾನ್ ಅನ್ನುವ ಹುಡುಗಿಯರ ತಂಡ ಸೇರಿದಳು. ಹೀಗಾಗಿ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಆಗೇ ಆಗುತ್ತದೆ ಅಂತ ಕಾಲೇಜು ಬಿಡಿಸುವವರ ಮಾತೂ ಬೇಡ.

ಪಿಯುಸಿ ಎರಡು ವರ್ಷ ಮುಗಿಯಲಿ. ಅಷ್ಟರಲ್ಲಿ ಕೊರಿಯನ್ ಓದಲು, ಬರೆಯಲು ಕಲಿಯಲಿ, ಭಾಷೆ ಬರದೆ ಅಲ್ಲಿ ಒಂದು ದಿನವೂ ನಡೆಯುವುದಿಲ್ಲ. ಬಳೆ ಅಡ ಇಡುವ ಬದಲು ಊರಿನಲ್ಲೇ ಒಳ್ಳೆ ಡ್ಯಾನ್ಸ್ ಮೇಷ್ಟ್ರು ಸಿಕ್ಕರೆ ತಿಂಗಳ ಫೀಸು ಕಟ್ಟಿ. ವಿಡಿಯೊ ಕಳಿಸುವುದಾದರೆ ನಿಮ್ಮ ಪಕ್ಕದಲ್ಲೇ ಕೂತು, ಕಂಪನಿಯ ಸ್ವಂತ ವೆಬ್‌ಸೈಟಿಗೆ ಕಳಿಸಲಿ. ಅಲ್ಲಿ ಹೊಸಬರ ಕಾಂಟ್ರಾಕ್ಟ್ ಸಾಮಾನ್ಯವಾಗಿ ಏಳು ವರ್ಷದ್ದು. ಏಳು ವರ್ಷ ಅಂದರೆ ಏನು, ನಡುವೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅವನೇ ಓದಿ ಅಪ್ಪನಿಗೆ ವಿವರಿಸಲಿ. ಅಪ್ಪ ಕೇಳುವ ಪ್ರಶ್ನೆಗೆಲ್ಲ ಉತ್ತರ ಕೊಟ್ಟರೆ ನಾನೂ ಅವನ ಪರ.

ಅಂದ ಹಾಗೆ, ನಿಮ್ಮ ಯಜಮಾನರು ಅವನ ಡ್ಯಾನ್ಸ್ ನೋಡಿದ್ದಾರಾ? ಪತ್ರದಲ್ಲಿ ಅದೊಂದು ಬರೆದಿಲ್ಲ ನೀವು. ಒಂದು ಸಂಜೆ ಟೆರೇಸ್ ಮೇಲೆ ಕುರ್ಚಿ ಹಾಕಿ, ಕಾಫಿ ಕೊಟ್ಟು ಕೂರಿಸಿ. ಹತ್ತು ನಿಮಿಷ ಬಾಯಿ ತೆಗೆಯಬಾರದು ಅಂತ ಮೆಟ್ಟಿಲು ಹತ್ತುವ ಮೊದಲೇ ಅವರಿಂದ ಮಾತು ತೆಗೆದುಕೊಳ್ಳಿ.