ಊಟದ ಬೆಲ್ ಹೊಡೆಯುವವರು ಯಾರೂ ಇಲ್ಲದಾಗ

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೇ ದಿನಚರಿ ಯಾರೋ ಬರೆದು ಹಾಕಿದ ಹಾಗನ್ನಿಸಿತು. ನೀವು ಆಫೀಸ್ ಬಿಟ್ಟು ಸ್ವಂತ ಕೆಲಸ ಶುರು ಮಾಡಿ ಎಂಟು ತಿಂಗಳು. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ರಾತ್ರಿ ಹತ್ತರ ಮೇಲೆ ಕೈಗೆ ಸಿಕ್ಕಿದ್ದೆಲ್ಲ. ಆರು ಕೆಜಿ ಜಾಸ್ತಿಯಾಗಿದೆ, ಒಳ್ಳೆ ಡಯೆಟ್ ಚಾರ್ಟ್ ಇದ್ದರೆ ಕೊಡಿ ಅಂತ ಕೇಳಿದ್ದೀರಿ.

ಚಾರ್ಟ್ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂಬತ್ತು ವರ್ಷದಿಂದ ಮನೆಯಲ್ಲೇ ಕೂತು ಪುಸ್ತಕಗಳಿಗೆ ಪುಟ ವಿನ್ಯಾಸ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷದಲ್ಲಿ ಮೂರು ಚಾರ್ಟ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಅಂಟಿಸಿದ್ದಷ್ಟೇ. ತರಕಾರಿ ತಿನ್ನಬೇಕು, ಬಿಸ್ಕತ್ತು ಕಡಿಮೆ ಮಾಡಬೇಕು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇ ಆಗಿರಲಿಲ್ಲ. ನಿಮಗೂ ಗೊತ್ತಿದೆ, ಅಲ್ವಾ? ಆಫೀಸಿನಲ್ಲಿ ಒಂದು ಗಂಟೆಗೆ ಪಕ್ಕದ ಸೀಟಿನವರು ಡಬ್ಬಿ ತೆಗೆದರೆ ನಾವೂ ತೆಗೆಯುತ್ತಿದ್ದೆವು. ಅದಕ್ಕೆ ಛಲ ಬೇಕಿರಲಿಲ್ಲ, ಯೋಚನೆ ಬೇಕಿರಲಿಲ್ಲ. ಸ್ವಂತ ಕೆಲಸದಲ್ಲಿ ಆ ಪಕ್ಕದ ಸೀಟೇ ಇಲ್ಲ. ನಿಮ್ಮ ತೊಂದರೆ ಇರುವುದು ತಟ್ಟೆಯಲ್ಲಿ ಅಲ್ಲ, ಗಡಿಯಾರದಲ್ಲಿ ಅನ್ನುವುದು ನನ್ನ ಅನಿಸಿಕೆ.

ಹಾಗಾಗಿ ಮೊದಲು ಮಾಡಬೇಕಾದದ್ದು ಒಂದೇ. ಕ್ಯಾಲೆಂಡರಿನಲ್ಲಿ ಮಧ್ಯಾಹ್ನ 1ರಿಂದ 1.40ರವರೆಗೆ ಒಂದು ಮೀಟಿಂಗ್ ಹಾಕಿ. "ಊಟ" ಅಂತ ಬರೆದರೆ ನೀವೇ ಅದನ್ನು ಮುಂದಕ್ಕೆ ತಳ್ಳುತ್ತೀರಿ, ನಾನು ತಳ್ಳುತ್ತಿದ್ದೆ. ಅದಕ್ಕೇ ನಾನು ಒಬ್ಬ ಇಲ್ಲದ ಗ್ರಾಹಕನ ಹೆಸರು ಹಾಕಿದ್ದೇನೆ. ಯಾರಾದರೂ ಒಂದೂ ಕಾಲಿಗೆ ಫೋನ್ ಮಾಡಲಾ ಅಂದರೆ, "ಆಗ ಬೇರೆ ಒಬ್ಬರಿಗೆ ಟೈಮ್ ಕೊಟ್ಟಿದ್ದೇನೆ, ಎರಡಕ್ಕೆ ಮಾತಾಡೋಣ" ಅನ್ನುತ್ತೇನೆ. ಒಂಬತ್ತು ವರ್ಷದಲ್ಲಿ ಒಬ್ಬರೂ ಇದಕ್ಕೆ ಮುನಿಸಿಕೊಂಡು ಕೆಲಸ ವಾಪಸ್ ತೆಗೆದುಕೊಂಡಿಲ್ಲ.

ಮೊದಲ ವಾರ ಒಂದು ಗಂಟೆಗೆ ಹಸಿವೇ ಆಗದಿರಬಹುದು. ಆದರೂ ಸ್ವಲ್ಪವಾದರೂ ತಿನ್ನಿ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ನಾವು ದಿನಾ ಉಣ್ಣುವ ಹೊತ್ತಿಗೆ ಸ್ವಲ್ಪ ಮುಂಚೆ ಏರುತ್ತದೆ. ಹೊತ್ತು ಒಂದೇ ಇದ್ದರೆ ಅದೂ ಆ ಹೊತ್ತಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಹೊಟ್ಟೆಯೇ ಬೆಲ್ ಹೊಡೆಯುತ್ತದೆ.

ಇನ್ನು ಮನೆಯಿಂದ ಕೆಲಸ ಮಾಡುವವರ ದೊಡ್ಡ ಶತ್ರು, ಫ್ರಿಜ್. ಒಮ್ಮೆ ನನಗೇ ಅನುಮಾನ ಬಂದು ಅದರ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಪೆನ್ಸಿಲ್ ಕಟ್ಟಿದೆ. ತೆರೆದಾಗಲೆಲ್ಲ ಒಂದು ಗೀಟು. ಸಂಜೆ ಎಣಿಸಿದರೆ ಹದಿನಾಲ್ಕು! ಅದರಲ್ಲಿ ನಿಜವಾಗಿ ಹಸಿವಾಗಿ ಹೋದದ್ದು ಮೂರು ಸಲ. ಉಳಿದ ಗೀಟುಗಳ ಹೊತ್ತು ನೆನಪು ಮಾಡಿಕೊಂಡೆ. ಒಂದು ಪ್ಯಾರಾ ಪುಟದಲ್ಲಿ ಕೂರುತ್ತಿರಲಿಲ್ಲ, ಎದ್ದು ಹೋದೆ. ಬಾಕಿ ದುಡ್ಡು ಕೇಳುವ ಇಮೇಲ್ ಬರೆಯಬೇಕಿತ್ತು, ಎದ್ದು ಹೋದೆ. ಫೈಲ್ ಸೇವ್ ಆಗಲು ಎರಡು ನಿಮಿಷ ಕಾಯಬೇಕಿತ್ತು, ಅದಕ್ಕೂ ಹೋದೆ. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಲು ಫ್ರಿಜ್ ನನಗೊಂದು ನೆಪ. ಆಫೀಸಿನಲ್ಲಾಗಿದ್ದರೆ ಹರಟೆಗೆ ಹೋಗುತ್ತಿದ್ದೆ. ನೀವೂ ಒಂದು ದಿನ ಹೀಗೆ ಗೀಟು ಹಾಕಿ ನೋಡಿ. ಈಗ ನಾನು ಆ ಹೊತ್ತಿನಲ್ಲಿ ಸುಮ್ನೆ ಹೊರಗೆ ಹೋಗಿ ಐದು ನಿಮಿಷ ಓಡಾಡಿ ಬರುತ್ತೇನೆ. ವಾಪಸ್ ಬಂದ ಮೇಲೂ ಹಸಿವಿದ್ದರೆ ಅದು ನಿಜವಾದ ಹಸಿವು. ಆಗ ತಿನ್ನಬೇಕು.

ಕೀಬೋರ್ಡ್ ಮುಂದೆ ಮಾತ್ರ ತಿನ್ನಬೇಡಿ. ಒಂದು ರಾತ್ರಿ ಅಕ್ಷರ ತಪ್ಪು ತಿದ್ದುತ್ತಾ ಬಿಸ್ಕತ್ತಿಗೆ ಕೈ ಹಾಕಿದರೆ ಪೊಟ್ಟಣದ ತಳ ಸಿಕ್ಕಿತು. ಇನ್ಯಾರೋ ತಿಂದಿರಬೇಕು ಅಂತ ಅನುಮಾನ ಪಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೊಟ್ಟೆ ತುಂಬಿತು ಅನ್ನುವುದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು. ಗಮನ ಪರದೆಯ ಮೇಲಿದ್ದರೆ ಅದೂ ಸರಿಯಾಗಿ ಗೊತ್ತಾಗುವುದಿಲ್ಲ.

ಕಾಫಿ ವಿಷಯಕ್ಕೆ ಬರೋಣ. ಬೆಳಿಗ್ಗೆ ತಿಂಡಿ ತಿನ್ನಲೇಬೇಕು ಅಂತ ನಾನು ಹಟ ಹಿಡಿಯುವುದಿಲ್ಲ, ಕೆಲವರಿಗೆ ಹತ್ತರವರೆಗೆ ಏನೂ ಸೇರುವುದಿಲ್ಲ. ಆದರೆ ಹಸಿವನ್ನು ಕಾಫಿಯಿಂದ ಮುಚ್ಚಬೇಡಿ. ಕಾಫಿ ಹಸಿವನ್ನು ಸ್ವಲ್ಪ ಹೊತ್ತು ಅದುಮಿಡುತ್ತದೆ, ಅಷ್ಟೇ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ ಅನ್ನುತ್ತಾರೆ. ಅಂದರೆ ಸಾಧಾರಣ ಅಳತೆಯ ಮೂರು ನಾಲ್ಕು ಕಪ್. ಗರ್ಭಿಣಿಯರಿಗೆ ಇದರ ಅರ್ಧ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಐದಾರು ಗಂಟೆ ಆದ ಮೇಲೂ ಮೈಯಲ್ಲೇ ಇರುತ್ತದೆ. ಸಂಜೆ ಐದಕ್ಕೆ ಕುಡಿದದ್ದು ರಾತ್ರಿ ಹತ್ತರವರೆಗೂ ಕೆಲಸ ಮಾಡುತ್ತಿರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಸಿಹಿ, ಕರಿದ ತಿಂಡಿ ಅಂತ ಮನಸ್ಸು ಎಳೆಯುತ್ತದೆ. ನಾನು ಮೂರು ಗಂಟೆಯ ನಂತರ ಕಾಫಿ ನಿಲ್ಲಿಸಿದೆ. ರಾತ್ರಿ ಹತ್ತರ ತಿನ್ನಾಟ ಅರ್ಧ ಕಡಿಮೆಯಾದದ್ದು ಇದರಿಂದಲೇ. ಇನ್ನರ್ಧ, ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಆಗಿದ್ದರಿಂದ.

ತಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅರ್ಧ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ, ಮೀನು ಈ ಥರದ್ದು, ಇನ್ನು ಕಾಲು ಭಾಗ ಧಾನ್ಯ. ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ, ಉಪ್ಪು 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೆಕ್ಕ ಸಾಕು.

ಒಬ್ಬರೇ ದುಡಿಯುವವರಿಗೆ ದಿನಾ ಅಡುಗೆ ಮಾಡಿ ಅಂದರೆ ಅದು ಉಪದೇಶವಾಗುತ್ತದೆ. ನಾನು ವಾರಕ್ಕೆ ಎರಡು ಸಲ ಕಾಳು ಬೇಯಿಸುತ್ತೇನೆ, ತರಕಾರಿ ಹೆಚ್ಚಿ ಇಡುತ್ತೇನೆ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ. ಹೊರಗೇ ಬಿಟ್ಟರೆ ಬೆಳೆದು ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಯಾರೂ ಹೇಳದ ಒಂದು ಮಾತು ಇದೆ. ನಮ್ಮ ಊಟ ಬ್ಯಾಂಕ್ ಖಾತೆಯ ಜೊತೆ ಏರಿ ಇಳಿಯುತ್ತದೆ. ಪೇಮೆಂಟ್ ತಡವಾದ ವಾರ ನೂಡಲ್ಸ್, ಬಂದ ದಿನ ನಾಲ್ಕು ಜನರ ಊಟ ಒಬ್ಬರೇ ತರಿಸಿಕೊಳ್ಳುವುದು. ಒಬ್ಬ ಗ್ರಾಹಕರು ಒಮ್ಮೆ ನಾಲ್ಕು ತಿಂಗಳು ಸತಾಯಿಸಿದರು. ಆಗ ನಾನು ತರಕಾರಿಯನ್ನೇ ಮೊದಲು ನಿಲ್ಲಿಸಿದ್ದೆ, ಯಾಕೋ ಅದೇ ಐಷಾರಾಮ ಅನ್ನಿಸಿತ್ತು. ಈಗ ದುಡ್ಡು ಬಂದ ತಕ್ಷಣ ಮುಂದಿನ ತಿಂಗಳ ಕಾಳು, ಧಾನ್ಯ, ಕಡಲೆಕಾಯಿ ಬೀಜ ತಂದು ಡಬ್ಬಿ ತುಂಬಿಸಿಬಿಡುತ್ತೇನೆ. ಕರೆಂಟ್ ಬಿಲ್ ಕಟ್ಟಿದ ಹಾಗೆ.

ಆರು ಕೆಜಿ ಬರೀ ಊಟದಿಂದಲೇ ಬಂತೋ ಏನೋ, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟದ ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ನಿಮ್ಮದು ಯಾವ ಕೆಲಸ ಅಂತ ಬರೆದಿಲ್ಲ. ಕೂತು ಮಾಡುವ ಕೆಲಸ ಅಂದುಕೊಂಡು ಇಷ್ಟೆಲ್ಲ ಹೇಳಿದೆ. ವೈರಿಂಗ್, ಡ್ರೈವಿಂಗ್ ಥರ ಓಡಾಟದ ಕೆಲಸವಾದರೆ ಫ್ರಿಜ್ ಕಥೆ ಬಿಡಿ. ಬೆಳಿಗ್ಗೆ ಹೊರಡುವಾಗ ಸಲಕರಣೆ ಚೀಲದಲ್ಲಿ ನೀರಿನ ಬಾಟಲಿ, ಎರಡು ಹಣ್ಣು, ಒಂದು ಡಬ್ಬಿ ಬೀಜ ಇದ್ದರೆ ಮಧ್ಯಾಹ್ನ ತಡವಾದರೂ ನಡೆಯುತ್ತದೆ. ಹಾಗಿದ್ದರೆ ಕೆಳಗೆ ಬರೆಯಿರಿ, ನನ್ನ ತಮ್ಮನದೂ ಓಡಾಟದ ಕೆಲಸವೇ. ಅವನ ಡಬ್ಬಿಯಲ್ಲಿ ಏನೇನು ಇರುತ್ತದೆ ಅಂತ ಕೇಳಿ ಹೇಳುತ್ತೇನೆ.