ದಿನಾಂಕ ಮಾತ್ರ ಹೇಳಬೇಡ

ಕೆಟ್ಟದ್ದು ಬರುವುದಿದ್ದರೆ ಮೊದಲೇ ಗೊತ್ತಾಗಬೇಕೋ ಬೇಡವೋ? ಈ ಜಗಳ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಾಗಿ ಯಾವುದೋ ಸ್ಕ್ಯಾನ್ ವರದಿಯ ನೆಪದಲ್ಲಿ ಬರುತ್ತದೆ. ಈ ಸಲ ಆಕಾಶದ ನೆಪ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಆಕೆಗೆ ಮೂವತ್ತೈದರ ಆಸುಪಾಸು. ಗಂಡ, ಒಬ್ಬ ಮಗ. 2025ರ ಫೆಬ್ರವರಿಯಲ್ಲಿ '2024 ವೈಆರ್4' ಎಂಬ ಕ್ಷುದ್ರಗ್ರಹದ, ಅಂದರೆ ಸೂರ್ಯನನ್ನು ಸುತ್ತುವ ಕಲ್ಲಿನ, ಸುದ್ದಿ ಓದಿದ ಮೇಲೆ ನಿದ್ದೆ ಕೆಟ್ಟಿತ್ತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ ಫೆಬ್ರವರಿ 18ಕ್ಕೆ ಶೇ. 3.1 ಮುಟ್ಟಿತ್ತು. ಆಕೆ ರಾತ್ರಿ ಎದ್ದು ಫೋನ್ ನೋಡುತ್ತಿದ್ದರು. ಗಂಡನನ್ನೂ ಎಬ್ಬಿಸಿ ತೋರಿಸುತ್ತಿದ್ದರು. ಅದೇ ತಿಂಗಳ ಕೊನೆಗೆ ಆ ಅಂಕಿ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಆಗ ನೆಮ್ಮದಿ ಆಗಬೇಕಿತ್ತು, ಅಲ್ವಾ? ಆಕೆ ನನ್ನ ಹತ್ತಿರ ಬಂದದ್ದೇ ಅದು ಇಳಿದ ಮೇಲೆ.

"ಮೇಡಂ, ನಿಜವಾಗ್ಲೂ ಬರೋದಿದ್ರೆ ನಮಗೆ ಹೇಳ್ತಾರಾ?"

ಇದಕ್ಕೆ ನಾನು ನೇರ ಉತ್ತರ ಕೊಟ್ಟೆ. ನನ್ನ ಜೊತೆ ಕೆಲಸ ಮಾಡುವ ಕೆಲವರಿಗೆ ಇದು ಸರಿ ಕಾಣಲಿಲ್ಲ. ಆತಂಕದ ಹಿಂದೆ ಏನಿದೆ ಅಂತ ನೋಡಬೇಕು, ಕಲ್ಲಿನ ಲೆಕ್ಕ ಬಿಡಿಸುತ್ತಾ ಕೂರಬಾರದು ಅಂದರು. ನಾನು ಒಪ್ಪುವುದಿಲ್ಲ. ಉತ್ತರ ಇರುವ ಪ್ರಶ್ನೆಯನ್ನು "ಹಾಗೆ ಯಾಕೆ ಅನಿಸುತ್ತೆ ನಿಮಗೆ?" ಅಂತ ತಿರುಗಿಸಿ ಕೇಳಿದರೆ ಅದೂ ಮುಚ್ಚಿಟ್ಟ ಹಾಗೆಯೇ. ಈಕೆಗಂತೂ ಮುಚ್ಚಿಡುವುದು ಹಳೆಯ ನೋವು. ಚಿಕ್ಕವರಿದ್ದಾಗ ತಾಯಿಯ ಕಾಯಿಲೆ ಎಲ್ಲಿಗೆ ಬಂದಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಇವರೊಬ್ಬರನ್ನು ಬಿಟ್ಟು. ರಜೆ ಅಂತ ನೆಂಟರ ಮನೆಗೆ ಕಳಿಸಿದರು. ವಾಪಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಮೊದಲೇ ಗೊತ್ತಿದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿದೆ. "ಏನೂ ಇಲ್ಲ ಮೇಡಂ. ಆ ರಜೆಗೆ ಹೋಗ್ತಿರಲಿಲ್ಲ, ಅಷ್ಟೇ."

ನಾನು ಕೊಟ್ಟ ಉತ್ತರ ಇಷ್ಟು. ಹೊಸದಾಗಿ ಕಂಡ ಕ್ಷುದ್ರಗ್ರಹಗಳ ಅಳತೆಗಳು ಅವನ್ನೆಲ್ಲ ಒಂದೆಡೆ ಸೇರಿಸುವ ಅಂತಾರಾಷ್ಟ್ರೀಯ ಸಂಸ್ಥೆ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ, ಅಲ್ಲಿಂದ ಯಾರಿಗೆ ಬೇಕಾದರೂ ಸಿಗುತ್ತವೆ. ಹವ್ಯಾಸಿಗಳೂ ಅಳತೆ ಕಳಿಸುತ್ತಾರೆ. ನಾಸಾ ತನ್ನ ಪಾಡಿಗೆ ಲೆಕ್ಕ ಹಾಕುತ್ತದೆ, ಯುರೋಪಿನ ಬಾಹ್ಯಾಕಾಶ ಸಂಸ್ಥೆ ತನ್ನ ಪಾಡಿಗೆ. ಇಷ್ಟು ಜನರ ಕಣ್ಣಿಗೆ ಬಿದ್ದದ್ದನ್ನು ಬಚ್ಚಿಡುವುದು ಕಷ್ಟ. ಹತ್ತು ಮೀಟರಿಗಿಂತ ದೊಡ್ಡ ಕಲ್ಲು ಬಡಿಯುವ ಸಾಧ್ಯತೆ ಶೇ. 1 ದಾಟಿದರೆ ಅಂತಾರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ ಸೂಚನೆ ಹೊರಡಿಸಬೇಕು ಎಂಬ ನಿಯಮವೂ ಇದೆ. ಆಕೆಯ ನಿದ್ದೆ ಕೆಡಿಸಿದ ಸುದ್ದಿ ಆ ನಿಯಮದಿಂದಲೇ ಬಂದದ್ದು.

ಅಂಕಿ ಏರಿ ಇಳಿದದ್ದರಲ್ಲೂ ಮೋಸ ಇಲ್ಲ. ಶುರುವಿನಲ್ಲಿ ಅಳತೆ ಕಡಿಮೆ ಇರುವುದರಿಂದ ಕಲ್ಲು ಹಾದುಹೋಗಬಹುದಾದ ಜಾಗ ತುಂಬ ಅಗಲ. ಅಳತೆ ಹೆಚ್ಚಿದ ಹಾಗೆ ಆ ಜಾಗ ಕಿರಿದಾಗುತ್ತದೆ. ಭೂಮಿ ಇನ್ನೂ ಅದರೊಳಗೇ ಇದ್ದರೆ ಶೇಕಡಾ ಏರುತ್ತದೆ. ಮತ್ತೂ ಕಿರಿದಾಗಿ ಭೂಮಿ ಹೊರಗುಳಿದರೆ ದಡಕ್ಕನೆ ಇಳಿಯುತ್ತದೆ. 2004ರಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹದ ವಿಷಯದಲ್ಲೂ ಹೀಗೇ ಆಗಿತ್ತು. ಶೇ. 2.7ರವರೆಗೆ ಹೋಗಿತ್ತು. ಅದು 2029ರ ಏಪ್ರಿಲ್ 13ರಂದು ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ, ಬಡಿಯುವುದಿಲ್ಲ.

ನಿದ್ದೆ ಸ್ವಲ್ಪ ಸುಧಾರಿಸಿತು. ಮನೆಯ ಜಗಳ ಮಾತ್ರ ನಿಲ್ಲಲಿಲ್ಲ. ಗಂಡನನ್ನೂ ಕರೆದುಕೊಂಡು ಬನ್ನಿ ಅಂದೆ.

ಆತ ಬಂದು ಕೂತವರೇ ಹೇಳಿದರು. "ನನಗೆ ಗೊತ್ತಾಗೋದೇ ಬೇಡ ಮೇಡಂ. ಏಳು ವರ್ಷ ಇದೆ ಅಂದ್ರೆ ಏಳು ವರ್ಷವೂ ಹಾಳು."

ಇದು ವಿಚಿತ್ರ ಆಸೆ ಏನಲ್ಲ. ಮನಶ್ಶಾಸ್ತ್ರಜ್ಞರಾದ ಗೆರ್ಡ್ ಗಿಗೆರೆಂಜರ್ ಮತ್ತು ರೊಸಿಯೊ ಗಾರ್ಸಿಯಾ-ರೆಟಮೆರೊ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜರ್ಮನಿ ಮತ್ತು ಸ್ಪೇನಿನ ಜನರಲ್ಲಿ ಶೇ. 85ರಿಂದ 90ರಷ್ಟು ಮಂದಿ ಮುಂದೆ ಬರುವ ಕೆಟ್ಟ ಘಟನೆಗಳು ಮೊದಲೇ ತಿಳಿಯುವುದು ಬೇಡ ಅಂದಿದ್ದರು. ನಾನು ಇದನ್ನು ಹೇಳಿದಾಗ ಆತನಿಗೆ ಸ್ವಲ್ಪ ಗೆದ್ದ ಹಾಗಾಯಿತು. ಆಕೆ ಮುಖ ತಿರುಗಿಸಿದರು.

"ಯಾವುದು ಗೊತ್ತಾಗೋದು ಬೇಡ?" ಅಂತ ಕೇಳಿದೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಕಲ್ಲು ಆಕಾಶದಲ್ಲೇ ಸಿಡಿಯಿತು. ಸೂರ್ಯನ ಕಡೆಯಿಂದ ಬಂದದ್ದರಿಂದ ಯಾರಿಗೂ ಕಂಡಿರಲಿಲ್ಲ. ಬೆಳಕು ನೋಡಲು ಜನ ಕಿಟಕಿಗೆ ಬಂದರು. ಸ್ವಲ್ಪ ಹೊತ್ತಿಗೆ ಆಘಾತದ ಅಲೆ ಬಂದು ಗಾಜು ಒಡೆಯಿತು. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರಿಗೆ ಗಾಜಿನಿಂದಲೇ ಗಾಯ. "ಕಿಟಕಿ ಹತ್ತಿರ ಹೋಗಬೇಡಿ ಅನ್ನೋದೂ ನಿಮಗೆ ಬೇಡವಾ?"

"ಅದು ಬೇಕು. ಏನಾದ್ರೂ ಮಾಡೋಕಾದ್ರೆ ಹೇಳ್ಲಿ. ಊರು ಬಿಡು ಅಂದ್ರೆ ಬಿಡ್ತೀನಿ." ಸ್ವಲ್ಪ ಯೋಚಿಸಿ ಆತ ಹೆಂಡತಿಯ ಕಡೆ ತಿರುಗಿದರು. "ಏನೂ ಮಾಡೋಕಾಗಲ್ಲ ಅಂತಿದ್ರೆ ನೀನು ತಿಳ್ಕೊ. ಏನು ಮಾಡು ಅಂತೀಯೋ ಅದು ಮಾಡ್ತೀನಿ. ದಿನಾಂಕ ಮಾತ್ರ ನನಗೆ ಹೇಳಬೇಡ."

ಪ್ರೀತಿಯಿಂದಲೇ ಹೇಳಿದ್ದರು. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ದನಿ ಏರಿಸದೆ: "ಅಂದ್ರೆ ನಾನು ಒಳಗಿಟ್ಕೊಂಡು ನಗ್ತಾ ಓಡಾಡ್ಬೇಕು. ನೀವು ನಿದ್ದೆ ಮಾಡ್ತೀರಿ. ನಮ್ಮನೆ ದೊಡ್ಡವರು ನನಗೆ ಮಾಡಿದ್ದನ್ನ ನಾನು ನಿಮಗೆ ಮಾಡ್ಬೇಕಾ?"

ಆತನಿಗೆ ಇದು ಹೊಳೆದೇ ಇರಲಿಲ್ಲ. ನನಗೂ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. 'ನನಗೆ ಹೇಳಬೇಡ' ಅನ್ನುವವರು ತಮ್ಮ ಕಿವಿ ಮುಚ್ಚಿಕೊಳ್ಳುತ್ತಿದ್ದೇವೆ ಅಷ್ಟೇ ಅಂದುಕೊಳ್ಳುತ್ತಾರೆ. ಅವರ ಪಾಲಿನ ಭಾರವನ್ನೂ ಜೊತೆಯಲ್ಲಿರುವವರೇ ಹೊರುತ್ತಿರುತ್ತಾರೆ.

ನನ್ನ ಸಲಹೆ ಇದರ ಮೇಲೇ ನಿಂತಿತು. ತಿಳಿಯದೆ ಇರುವುದು ನಿಮ್ಮ ಹಕ್ಕು ಅಂತ ಆತನಿಗೆ ಹೇಳಿದೆ. ಆದರೆ ಹೆಂಡತಿಯನ್ನು ಅದಕ್ಕೆ ಕಾವಲು ಹಾಕುವ ಹಕ್ಕಿಲ್ಲ. ನೀವು ಕೇಳುವುದಿಲ್ಲ ಅಂದರೆ ಆಕೆ ಬೇರೆ ಯಾರ ಹತ್ತಿರವಾದರೂ ಮಾತಾಡುತ್ತಾರೆ. ಆಕೆ ಅತ್ತಾಗ ಯಾಕೆ ಅಂತ ಗೊತ್ತಿಲ್ಲದಿದ್ದರೂ ಪಕ್ಕದಲ್ಲಿ ಕೂರಬೇಕು. ಅದು ಆಗದಿದ್ದರೆ ಕೇಳಿಸಿಕೊಳ್ಳಿ.

ಆಕೆಗೂ ಕಟ್ಟುಪಾಡು ಹಾಕಿದೆ. ರಾತ್ರಿ ಎಬ್ಬಿಸಿ ಅಂಕಿ ತೋರಿಸುವುದು ಎಚ್ಚರಿಕೆ ಅಲ್ಲ, ಹೆದರಿಕೆ ಹಂಚುವುದು. ತಿಂಗಳಿಗೊಮ್ಮೆ, ಹಗಲಿನಲ್ಲಿ, ಒಂದೇ ಅಧಿಕೃತ ಪುಟ ನೋಡಿ. ಇಂಥ ಕಲ್ಲುಗಳಿಗೆ ಅಪಾಯಕ್ಕೆ ತಕ್ಕ ಹಾಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಟೊರಿನೊ ಮಾಪಕ ಇದೆ. ವೈಆರ್4 ಮೂರಕ್ಕೆ ಹೋಗಿತ್ತು, ಅಪೋಫಿಸ್ ನಾಲ್ಕಕ್ಕೆ. ಸೊನ್ನೆ ಇರುವವರೆಗೆ ಮನೆಯಲ್ಲಿ ಆ ಮಾತು ಬೇಡ.

ಇನ್ನು ಇಡೀ ಜಗತ್ತಿನ ಮಾತು. ಜನ ಗಾಬರಿಯಾಗುತ್ತಾರೆ, ಸುಮ್ನೆ ಹೇಳದೆ ಇರುವುದೇ ಒಳ್ಳೆಯದು ಅನ್ನುವವರು ಬಹಳ ಸಿಗುತ್ತಾರೆ. ಗಾಬರಿಯಾಗುವ ಆ ಜನರಲ್ಲಿ ತಾವಿದ್ದೇವೆ ಅಂತ ಅವರಲ್ಲಿ ಒಬ್ಬರೂ ಹೇಳುವುದಿಲ್ಲ. ಒಂದು ಕಿಲೋಮೀಟರಿಗಿಂತ ದೊಡ್ಡ, ಭೂಮಿಯ ಹತ್ತಿರ ಬರುವ ಕ್ಷುದ್ರಗ್ರಹಗಳಲ್ಲಿ ಬಹುಪಾಲು ಈಗಾಗಲೇ ಪತ್ತೆಯಾಗಿವೆ. ಮುಂದಿನ ನೂರು ವರ್ಷ ಅವುಗಳಲ್ಲಿ ಯಾವುದೂ ಬಡಿಯುವ ದಾರಿಯಲ್ಲಿಲ್ಲ. ಸಣ್ಣದಾದರೆ, ವರ್ಷಗಟ್ಟಲೆ ಮುಂಚೆ ತಿಳಿದರೆ ದಾರಿ ತಪ್ಪಿಸಲೂಬಹುದು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಪುಟ್ಟ ಕ್ಷುದ್ರಗ್ರಹ ಡೈಮಾರ್ಫಾಸ್‌ಗೆ ಗುದ್ದಿ, ಅದು ತನ್ನ ಜೊತೆಯ ದೊಡ್ಡ ಕ್ಷುದ್ರಗ್ರಹವನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತ ಜಾಸ್ತಿ ಕಡಿಮೆ ಮಾಡಿತು. ಹಾಗಾಗಿ 'ಏನೂ ಮಾಡೋಕಾಗಲ್ಲ' ಅನ್ನುವ ತೀರ್ಮಾನವನ್ನು ಯಾರೋ ನಾಲ್ಕು ಜನ ಬಾಗಿಲು ಹಾಕಿಕೊಂಡು ಮಾಡಬಾರದು. ನಿಜಕ್ಕೂ ಏನೂ ಮಾಡಲಾಗದಿದ್ದರೂ, ಆ ರಜೆಗೆ ಹೋಗದೆ ಉಳಿಯುವ ಅವಕಾಶ ಜನರಿಗೆ ಇರಬೇಕು.

ಈಗ ಅವರ ನಡುವೆ ಒಂದು ವಿಷಯ ಬಾಕಿ ಇದೆ. ಎಂಟು ವರ್ಷದ ಮಗ "ಅಮ್ಮ ಆಗ ರಾತ್ರಿ ಏನು ನೋಡ್ತಿದ್ಲು?" ಅಂತ ಕೇಳಿದ್ದಾನೆ. ಹೇಳೋದು ಬೇಡ ಅಂತ ಆತ, ಹೇಳಲೇಬೇಕು ಅಂತ ಆಕೆ. ಮಗು ಕೇಳಿದಷ್ಟಕ್ಕೆ ನಿಜ ಹೇಳಿ, ಕೇಳದ್ದನ್ನು ತುಂಬಬೇಡಿ, ಹೇಳುವಾಗ ಇಬ್ಬರೂ ಇರಿ ಅಂದಿದ್ದೇನೆ. ಆತ ಇನ್ನೂ ಯೋಚಿಸುತ್ತಿದ್ದಾರೆ.